ಕೈ ಎತ್ತದವರ ಒಲೆ

ನಮ್ಮೂರಿನ ಒಲೆ ಸಿಕ್ಕ ಸಿಕ್ಕ ಕಟ್ಟಿಗೆಯನ್ನು ಉರಿಸುವುದಿಲ್ಲ. ಕೊಳದಾಚೆಯ ಜಾಲಿ ತೋಪಿನದೇ ಆಗಬೇಕು, ಅದನ್ನು ತಂದವನು ಆ ದಿನ ಯಾರ ಎದುರಿಗೂ ಕೈ ಎತ್ತಿರಬಾರದು. ಎತ್ತಿದ್ದನೋ, ಮುಗಿಯಿತು. ಎಷ್ಟು ಊದಿದರೂ ಕಣ್ಣೀರು ಬರುವಷ್ಟು ಹೊಗೆ ಬಂದೀತೇ ಹೊರತು ಕಿಡಿ ಏಳುವುದಿಲ್ಲ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರ ಒಲೆಗಳು ಏನು ತುರುಕಿದರೂ ಉರಿಯುತ್ತವೆ, ಅದಕ್ಕೇ ಅವುಗಳ ಕತೆಯನ್ನು ಯಾರೂ ಹೇಳುವುದಿಲ್ಲ.

ಒಲೆ ಹೊತ್ತಿಸಿದವರು ನಮ್ಮ ಗುರುಗಳು. ಕೊಳ ತೋಡಿಸಿದರು, ಕೊಳದ ಪಕ್ಕ ಒಲೆ ಹೂಡಿದರು, ಒಲೆಗೆಂದೇ ತೋಪು ಬೆಳೆಸಿದರು. ಹಸಿದು ಬಂದವನ ಕುಲ ಕೇಳಬೇಡಿ, ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರಿಸಿ ಎಂದರು. ಅಂದಿನಿಂದ ರಾಜ ಬಂದರೂ ಅದೇ ಸಾಲು, ಚಪ್ಪಲಿ ಹೊಲಿಯುವವನು ಬಂದರೂ ಅದೇ ಸಾಲು. ರೊಟ್ಟಿಯವರು ಮುಂದೆ ಬಂದಾಗ ಎರಡೂ ಕೈ ಜೋಡಿಸಿ ಬೊಗಸೆ ಚಾಚಬೇಕು. ಒಂದೇ ಕೈ ಚಾಚಿದವರಿಗೆ ನಮ್ಮಲ್ಲಿ ಬಡಿಸುವ ಪದ್ಧತಿಯಿಲ್ಲ.

ಇಷ್ಟು ಕೇಳಿ ನಮ್ಮವರನ್ನು ಸಾಧುಗಳೆಂದು ತಿಳಿಯಬೇಡಿ. ನಮ್ಮಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರ ಸೊಂಟದಲ್ಲೂ ಕತ್ತಿ ಇರುತ್ತದೆ. ನಮ್ಮ ಅಜ್ಜಂದಿರು ಅದನ್ನು ಯಾವ ಯಾವ ದಂಡಿನ ಎದುರು ಹಿರಿದರು ಎಂದು ಕೇಳಿದರೆ ಊಟ ಬಿಟ್ಟು ಹೇಳುತ್ತೇವೆ. ಅವರು ಕತ್ತಿ ಹಿರಿದ ದಿನ ಮುದುಕಿಯರು ಹೋಗಿ ಒಲೆಗೆ ಕಟ್ಟಿಗೆ ತರುತ್ತಿದ್ದರು. ಕತ್ತಿ ಕಟ್ಟಿಕೊಂಡವನು ಕೈ ಕೆಳಗಿಟ್ಟು ನಿಲ್ಲುವುದು ಸುಲಭವೆಂದು ಯಾರಾದರೂ ಹೇಳಿದರೆ, ಒಂದು ದಿನ ನಿಂತು ನೋಡಲಿ.

ತೋಪಿನ ತರಗೆಲೆ ಗುಡಿಸಲು ಒಬ್ಬನನ್ನು ಇಟ್ಟಿದ್ದೆವು. ಅವನಿಗೊಂದು ಪೊರಕೆ ಕೊಟ್ಟೆವು. ಅವನ ಮಗ ಸೊಂಟನೋವು ಎಂದ, ಅವನಿಗೊಂದು ಕುರ್ಚಿ ಕೊಟ್ಟೆವು. ಮೊಮ್ಮಗ ಕುರ್ಚಿಯಲ್ಲೇ ಹುಟ್ಟಿದವನ ಹಾಗೆ ಬೆಳೆದ. ಪೊರಕೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಸಲಿಗೆ ಕೊಟ್ಟರೆ ತಲೆ ಮೇಲೆ ಕೂತ ಅನ್ನುತ್ತಾರಲ್ಲ, ಹಾಗಾಯಿತು. ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ.

ಆ ಕುರ್ಚಿಯವನು ಒಂದು ಬೆಳಿಗ್ಗೆ, ತೋಪು ತನ್ನದು, ಒಂದು ಕಡ್ಡಿ ಮುಟ್ಟಿದರೂ ಕಳ್ಳತನ ಎಂದ. ಕೋಟೆಯ ದೊರೆಯಿಂದ ಮುದ್ರೆಯೊತ್ತಿದ ಕಾಗದವನ್ನೂ ತಂದಿದ್ದ. ದೊರೆಗೆ ಜಾಲಿ ಮರಗಳಿಂದ ಆಗಬೇಕಾದ್ದೇನೂ ಇರಲಿಲ್ಲ. ಅಷ್ಟೊಂದು ಜನ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಅವನಿಗೆ ಹಿಡಿಸಿರಲಿಲ್ಲ, ಅಷ್ಟೇ. ತೋಪಿಗೆ ಹೋಗುವ ಸೇತುವೆಯ ಮೇಲೆ ಅವನು ದೊಣ್ಣೆಯವರನ್ನು ನಿಲ್ಲಿಸಿದ. ಹಿತ್ತಾಳೆ ಕಟ್ಟು ಹಾಕಿದ ಉದ್ದನೆಯ ದೊಣ್ಣೆಗಳು.

ಊರು ಕೊಳದ ಕಟ್ಟೆಯ ಮುಂದೆ ಸೇರಿತು. ಸೊಂಟದ ಕತ್ತಿಗಳೆಲ್ಲ ಬಿಸಿಯಾಗಿದ್ದವು. ಆಗ ಒಲೆ ನೋಡಿಕೊಳ್ಳುವ ಮುದುಕಿ ಎದ್ದು ನಿಂತಳು. ಅವಳನ್ನು ನಾವು ಒಲೆಯವ್ವ ಎನ್ನುತ್ತೇವೆ.

“ಕತ್ತಿಯಿಂದ ತೋಪು ಬಿಡಿಸ್ಕೊಳ್ಳೋದು ಎಷ್ಟೊತ್ತಿನ ಕೆಲ್ಸ?” ಎಂದಳು. “ಮಧ್ಯಾಹ್ನದೊಳಗೆ ಆಗುತ್ತೆ. ಆದ್ರೆ ಕೈ ಎತ್ತಿ ಗೆದ್ದ ತೋಪಿನ ಕಟ್ಟಿಗೆ ಯಾರು ತಂದ್ರೂ, ಯಾವತ್ತೂ ಉರಿಯಲ್ಲ. ತೋಪು ನಮ್ಮದಾಗಿ, ಒಲೆ ಆರಿಹೋದ್ರೆ, ನಾವು ಗೆದ್ದಿದ್ದೇನು?”

ಕತ್ತಿಯ ಹಿಡಿಯಿಂದ ಕೈಗಳು ಇಳಿದವು. ಹಾಗೆ ನೂರು ಜನರ ಪದ್ಧತಿ ಶುರುವಾಯಿತು.

ಪ್ರತಿ ಬೆಳಿಗ್ಗೆ ನೂರು ಜನ ಕೊಳದಲ್ಲಿ ಮುಳುಗಿದರು. ಕರಿ ಮುಂಡಾಸು ಸುತ್ತಿದರು, ಕತ್ತಿಯನ್ನು ಒರೆಯಲ್ಲೇ ಬಿಗಿದು ಕಟ್ಟಿದರು, ಕಟ್ಟೆಯ ಮುಂದೆ ನಿಂತು ಒಂದೇ ದನಿಯಲ್ಲಿ ಮಾತು ಕೊಟ್ಟರು: ಏಟು ನನ್ನದು, ಕೈ ಗುರುವಿನದು. ಆಮೇಲೆ ನಾಲ್ಕು ನಾಲ್ಕು ಜನರ ಸಾಲಿನಲ್ಲಿ ಸೇತುವೆಗೆ ನಡೆದರು. ಸೇತುವೆಯ ಮೇಲೆ ದೊಣ್ಣೆಗಳು ಎದ್ದವು, ಇಳಿದವು. ಏಟು ನನ್ನದು, ಕೈ ಗುರುವಿನದು. ಬಿದ್ದವರು ಎದ್ದರು, ಎದ್ದವರು ಬಿದ್ದರು, ಏಳಲಾಗದವರನ್ನು ಮಂಚದ ಮೇಲೆ ಹೊತ್ತು ತಂದರು. ಹೊಡೆಯುವ ಕೈಗೂ ದಣಿವು ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ದೊಣ್ಣೆಯವರ ಭುಜ ಸೋತು ಜೋತುಬೀಳುತ್ತಿತ್ತು. ದೊರೆಯ ಅಪ್ಪಣೆಯಲ್ಲಿ ಹೊಡೆಯಿರಿ ಎಂದಷ್ಟೇ ಇತ್ತು, ಕೈ ಸೋತ ಮೇಲೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಆಗ ನೂರರಲ್ಲಿ ಇನ್ನೂ ಅಲುಗಾಡಬಲ್ಲವರು ಅವರ ಕಾಲ ಪಕ್ಕದಲ್ಲೇ ತೆವಳಿ ತೋಪಿಗೆ ಹೋಗಿ, ಒಬ್ಬೊಬ್ಬರು ಒಂದೊಂದು ಒಣ ಕೊಂಬೆ ಹಿಡಿದು ಬರುತ್ತಿದ್ದರು. ಎಲ್ಲವನ್ನೂ ಸೇರಿಸಿ ಒಂದು ಕಟ್ಟು ಕಟ್ಟಿ ಒಲೆಯವ್ವ ಒಲೆಗಿಡುತ್ತಿದ್ದಳು. ಕಟ್ಟು ಚಟಪಟನೆ ಹೊತ್ತುತ್ತಿತ್ತು. ಊರು ಉಣ್ಣುತ್ತಿತ್ತು.

ನೂರರೊಳಗೆ ಸೇರಲು ನೂಕುನುಗ್ಗಲು. ಹೆಸರು ಬರೆಸಿದವರ ಸಾಲು ಕೊಳವನ್ನು ಸುತ್ತಿ ಊರ ಬಾಗಿಲು ದಾಟಿತು. ಮದುವೆಯ ಅರಿಶಿನ ಆರದವರೂ ಇದ್ದರು, ಹಲ್ಲಿಲ್ಲದವರೂ ಇದ್ದರು. ಮಗನ ಹೆಸರು ತನಗಿಂತ ಮೊದಲು ಬಂತೆಂದು ಒಬ್ಬ ಅಪ್ಪ ಒಂದು ವಾರ ಮಾತು ಬಿಟ್ಟಿದ್ದ. ಅಂಥ ಊರು ನಮ್ಮದು.

ಆ ಸಾಲಿಗೆ ಒಂದು ದಿನ ಒಬ್ಬ ಸಿಪಾಯಿ ಬಂದ. ನಮ್ಮೂರಿನವನೇ, ಕೋಟೆಯ ದಂಡಿನಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಿಟ್ಟು ಬಂದವನು. ಹೊಸಬರಿಗೆ ದೊಣ್ಣೆವರಸೆ ಕಲಿಸುತ್ತಿದ್ದ ಉಸ್ತಾದ ಅವನೇ. ಎದೆಯ ಮೇಲೆ ನಾಲ್ಕು ಪದಕ, ಕತ್ತರಿ ಕಾಣದ ಬಿಳಿ ಗಡ್ಡ, ಬಾಗಿಲ ಚೌಕಟ್ಟಿನಷ್ಟು ಅಗಲ ಭುಜ. ಅವನು ಬಂದದ್ದು ನೋಡಿ ಎಲ್ಲರಿಗೂ ಖುಷಿಯಾಯಿತು. ಒಲೆಯವ್ವನಿಗೆ ಮಾತ್ರ ಆಗಲಿಲ್ಲ.

“ನಿನ್ನ ಕೈ ನಿನ್ನ ಮಾತು ಕೇಳುತ್ತೇನಪ್ಪಾ?” ಎಂದಳು.

“ಇಪ್ಪತ್ತೆರಡು ವರ್ಷ ಕೇಳಿದೆ, ಅವ್ವಾ.”

“ನಿನ್ನ ಮಾತು ಕೇಳಿದ್ದೋ, ದೊರೇದೋ?”

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಲಿದ್ದ ಕಬ್ಬಿಣದ ಸೌಟನ್ನು ಅವನ ಮುಖಕ್ಕೆ ಬೀಸಿ ಎಸೆದಳು. ಸಿಪಾಯಿಯ ಬಲಗೈ ಮಿಂಚಿನಂತೆ ಎದ್ದು ಸೌಟನ್ನು ಗಾಳಿಯಲ್ಲೇ ಹಿಡಿಯಿತು. ಜನ ಭಲೇ ಎಂದರು. ಅವನು ಗಡ್ಡದೊಳಗೇ ನಕ್ಕ.

“ಇದೇ ನೋಡು ತೊಂದ್ರೆ,” ಎಂದಳು ಒಲೆಯವ್ವ. “ನಾನು ನಿನ್ನನ್ನ ಕೇಳ್ದೆ, ಉತ್ತರ ಕೊಟ್ಟಿದ್ದು ಕೈ. ಹೋಗು, ರೊಟ್ಟಿ ಬಡಿಸು.”

ನಾಲ್ಕು ಪದಕದ ಸಿಪಾಯಿ ಹನ್ನೆರಡು ದಿನ ರೊಟ್ಟಿ ಬುಟ್ಟಿ ಹೊತ್ತು ಸಾಲಿನ ಮುಂದೆ ಬಗ್ಗಿ ನಡೆದ. ಬಡಿಸುವ ಕೈ ಕೆಳಗೇ ಹೋಗಬೇಕು, ಬೊಗಸೆಯವರೆಗೆ. ಮೇಲೆ ನಿಂತು ಎಸೆದರೆ ಮಕ್ಕಳು ಕೂಡ ಅವನನ್ನು ಗದರುತ್ತಿದ್ದರು. ಹದಿಮೂರನೆಯ ದಿನ ಒಲೆಯವ್ವ ಹೇಳದೆ ಕೇಳದೆ ಮತ್ತೆ ಸೌಟು ಎಸೆದಳು. ಈ ಸಲ ಸೌಟು ಅವನ ಹಣೆಗೆ ಠಣ್ಣೆಂದು ಬಡಿದು ಕೆಳಗೆ ಬಿತ್ತು. ಹಣೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬೋರೆ. ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಅವನು ಐದನೆಯ ಪದಕ ಸಿಕ್ಕವನ ಹಾಗೆ ಓಡಾಡಿದ. ಅವಳು ಅವನ ಹೆಸರು ಬರೆದುಕೊಂಡಳು.

ಸರದಿ ಬಂದ ಬೆಳಿಗ್ಗೆ ಅವನು ನೂರರೊಳಗೆ ನಡೆದ. ಅವನ ಬಲಕ್ಕೆ ನೇಯ್ಗೆಯವನಿದ್ದ. ಹಗ್ಗದಂಥ ಮೈ, ಜೋರು ಗಾಳಿ ಬಂದರೆ ಬೀಳುವಂಥವನು. ದೊಣ್ಣೆಗಳು ಎದ್ದವು. ಮೊದಲ ಏಟು ಸಿಪಾಯಿಯ ಹೆಗಲಿಗೆ ಬಿತ್ತು, ಅವನ ಕೈ ಅಲುಗಲಿಲ್ಲ. ಎರಡನೆಯದು ಬೆನ್ನಿಗೆ, ಅಲುಗಲಿಲ್ಲ. ಮೂರನೆಯ ದೊಣ್ಣೆ ನೇಯ್ಗೆಯವನ ತಲೆಯ ಮೇಲೆ ಇಳಿಯುತ್ತಿತ್ತು. ಸಿಪಾಯಿಯ ಬಲಗೈ ಎದ್ದು ಅದನ್ನು ಅರ್ಧದಲ್ಲೇ ಹಿಡಿದುಬಿಟ್ಟಿತು.

ಒಂದು ಉಸಿರಿನಷ್ಟು ಹೊತ್ತು. ದೊಣ್ಣೆಯ ಆ ತುದಿಯಲ್ಲಿ ಒಬ್ಬ ತರುಣನಿದ್ದ, ಸಿಪಾಯಿಯೇ ವರಸೆ ಕಲಿಸಿದ ಕೊನೆಯ ತಂಡದವನು. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು. ಸಿಪಾಯಿ ದೊಣ್ಣೆ ಬಿಟ್ಟ, ಕೈ ಇಳಿಸಿದ. ಆ ನೂಕಾಟದಲ್ಲಿ ನೇಯ್ಗೆಯವನನ್ನು ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ.

ಅವತ್ತು ಮೂವತ್ತೊಂದು ಕೊಂಬೆಗಳು ಬಂದವು. ಅಷ್ಟು ಯಾವತ್ತೂ ಬಂದಿರಲಿಲ್ಲ. ಒಲೆಯವ್ವ ಕಟ್ಟು ಕಟ್ಟಿ ಒಲೆಗಿಟ್ಟು ಊದಿದಳು. ಹೊಗೆ ಬಂತು. ಮತ್ತೆ ಊದಿದಳು. ಹೊಗೆಯೇ. ನೆಲದ ಮೇಲೆ ಸಾಲಾಗಿ ಕೂತವರ ಬೊಗಸೆಗಳು ಹಾಗೇ ಕಾದವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಯಾಕೆಂದರೆ ನೋಡುವುದೂ ಬೆರಳು ಮಾಡಿ ತೋರಿಸಿದ ಹಾಗೆಯೇ. ನೇಯ್ಗೆಯವನಿಗೆ ಗೊತ್ತಿತ್ತು. ಅವನು ತಲೆ ತಗ್ಗಿಸಿ ಕೂತಿದ್ದ.

“ನನ್ನ ಕೈ ಎದ್ದಿತು,” ಎಂದ ಸಿಪಾಯಿ. ಅಷ್ಟು ದೊಡ್ಡ ಮೈಯೊಳಗಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾವು ಅವತ್ತೇ ಕೇಳಿದ್ದು. “ಎಲ್ಲರ ಕಟ್ಟಿಗೇನೂ ನಾನೇ ಕೆಡಿಸ್ದೆ. ಊರು ಬಿಟ್ಟು ಹೋಗ್ತೀನಿ.”

ಆಗ ನೇಯ್ಗೆಯವನು ತಲೆ ಎತ್ತಿದ. ಅವನಿಗೆ ಸಿಟ್ಟು ಬಂದಿತ್ತು, ಆದರೆ ಊಟ ಹೋದದ್ದಕ್ಕಲ್ಲ.

“ಅಣ್ಣಾ, ಆ ಏಟು ನಂದು,” ಎಂದ. “ನಲವತ್ತು ದಿನ ಸಾಲಲ್ಲಿ ನಿಂತು ಸಂಪಾದಿಸಿದ್ದು. ನೀವು ಯಾಕೆ ಅಡ್ಡ ಬಂದ್ರಿ? ನನ್ನ ಮೈ ನೋಡಿ, ಇವನು ತಡ್ಕೊಳ್ಳಲ್ಲ ಅಂದ್ಕೊಂಡ್ರಾ?”

ಸಿಪಾಯಿ ತನ್ನ ಬಲಗೈಯನ್ನು ನೋಡಿಕೊಂಡ. ತಾನು ಒಬ್ಬನನ್ನು ಕಾಪಾಡಿದೆ ಎಂದುಕೊಂಡಿದ್ದ ಮನಸ್ಸಿನ ಒಂದು ಮೂಲೆಯೂ ಅಲ್ಲೇ ಕುಸಿಯಿತು.

“ಊರು ಬಿಡೋ ಪದ್ಧತಿ ನಮ್ಮಲ್ಲಿಲ್ಲ,” ಎಂದಳು ಒಲೆಯವ್ವ. “ಸಾಲಿನ ಕೊನೇಗೆ ಹೋಗು. ನಿನ್ನ ಸರದಿ ಬರೋವರೆಗೂ ಸೇತುವೆ ಹತ್ರ ಮಂಚ ಹೊರು. ನಿನ್ನ ಏಟು ತಿನ್ನೋದು ಕಲಿತಿದ್ದೀಯ. ಇನ್ನೊಬ್ರ ಏಟು ನೋಡೋದು ಕಲಿ.”

ಆ ದಿನ ಊರು ನೆನೆಸಿದ ಕಡಲೆ ತಿಂದಿತು. ಯಾರೂ ಗೊಣಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಗೊಣಗಿದೆವು, ಆಮೇಲೆ ತಿಂದೆವು.

ನಲವತ್ತು ದಿನ ಸಿಪಾಯಿ ಸೇತುವೆಯ ಈಚೆ ತುದಿಯಲ್ಲಿ ಮಂಚದ ಕಾಲು ಹಿಡಿದು ನಿಂತ. ಬೆಳಿಗ್ಗೆ ನೂರು ಜನ ಬಂದರು. ದೊಣ್ಣೆಗಳು ಎದ್ದವು, ಇಳಿದವು. ತಾನು ಕಲಿಸಿದ ವರಸೆ ಅದು. ಎಲ್ಲಿಂದ ಎದ್ದು ಎಲ್ಲಿಗೆ ಇಳಿಯುತ್ತದೆ ಎಂದು ಅವನಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಹೆಗಲು ಎಂದುಕೊಂಡರೆ ಹೆಗಲು, ಮೊಣಕಾಲು ಎಂದುಕೊಂಡರೆ ಮೊಣಕಾಲು. ಮಂಚದ ಕಾಲನ್ನು ಅವನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ ಮೂರು ಮಂಚಗಳ ಕಾಲು ಮುರಿದವು. ಬಡಗಿ ಬೈದು ಬೈದು ಹೊಸ ಕಾಲು ಹಾಕಿಕೊಟ್ಟ.

ಹೊರಿಸಿಕೊಂಡು ಬಂದವರು ಮಂಚದ ಮೇಲೆ ಮಲಗಿಯೇ ಬಡಾಯಿ ಕೊಚ್ಚುತ್ತಿದ್ದರು. ಕುಂಬಾರನೊಬ್ಬ ಹಲ್ಲು ಉದುರಿದ ಬಾಯಲ್ಲಿ, “ಸಿಪಾಯಣ್ಣಾ, ನೋಡಿದ್ರಾ, ನನ್ನ ಕೈ ಅಲುಗ್ತಾ?” ಎಂದ.

“ಇಲ್ಲಪ್ಪ. ನಿನ್ನ ಕೈ ಕಲ್ಲಿನ ಹಾಗಿತ್ತು.”

“ಮನೇಲಿ ನನ್ನ ಹೆಂಡ್ತಿಗೆ ಇದನ್ನ ನೀವೇ ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ.”

ಸಿಪಾಯಿ ಹೋಗಿ ಹೇಳಿದ. ಅವಳು ಗಂಡನ ಮುಖ ಒರೆಸುತ್ತಾ, ನನ್ನ ಸರದಿ ಇನ್ನು ಒಂಬತ್ತು ದಿನಕ್ಕಿದೆ, ಆಗಲೂ ನೀವೇ ನೋಡಿ ಹೇಳಬೇಕು ಎಂದಳು. ಹೀಗೆ ಊರಿನ ನಾಲ್ಕು ಸಾವಿರ ಜನರ ಕೈಗಳಿಗೆ ಅವನು ಸಾಕ್ಷಿಯಾದ. ಅದರಲ್ಲಿ ಒಂದೂ ಎದ್ದಿರಲಿಲ್ಲ. ತಕ್ಕಡಿ ಹಿಡಿದ ಕೈ, ಕುಡುಗೋಲು ಹಿಡಿದ ಕೈ, ತೊಟ್ಟಿಲು ತೂಗಿದ ಕೈ. ವರಸೆಯ ಗಂಧಗಾಳಿ ಇಲ್ಲದ ಆ ಜನ ಇಪ್ಪತ್ತೆರಡು ವರ್ಷದ ತನ್ನ ಕಸುಬನ್ನು ಒಂದೊಂದು ಬೆಳಿಗ್ಗೆಯೂ ಸೋಲಿಸುವುದನ್ನು ನೋಡಿ ಅವನಿಗೆ ಮೊದಲು ನಾಚಿಕೆಯಾಯಿತು. ಆಮೇಲಾಮೇಲೆ ಹೆಮ್ಮೆ ಅವನ ಎದೆ ತುಂಬಿತು. ಒಂದು ದಿನ ಮಂಚ ಹೊತ್ತು ಬರುತ್ತಾ ನಾಲ್ಕೂ ಪದಕ ಕಿತ್ತು ಕೊಳಕ್ಕೆ ಎಸೆದ. ಒಲೆಯವ್ವ ಅದಕ್ಕೂ ಬೈದಳು, ನಾಳೆ ಮುಳುಗುವವರ ಕಾಲಿಗೆ ಚುಚ್ಚೀತು ಎಂದು. ಅವನು ಇಳಿದು ಹುಡುಕಿ ತಂದ.

ಅವನ ಸರದಿ ಬಂತು. ಕೊಳದಲ್ಲಿ ಮುಳುಗಿದ, ಮುಂಡಾಸು ಸುತ್ತಿದ, ಕಟ್ಟೆಯ ಮುಂದೆ ನಿಂತು ಮಾತು ಕೊಟ್ಟ. ಏಟು ನನ್ನದು, ಕೈ ಗುರುವಿನದು. ಸೇತುವೆಯ ಮೇಲೆ ಅವನ ಎದುರಿಗೆ ಅದೇ ತರುಣ ಬಂದು ನಿಂತ. ಅವನ ಕಣ್ಣು ಕೆಂಪಾಗಿತ್ತು, ನಿದ್ದೆಯಿಲ್ಲದವನ ಹಾಗೆ. ದೊಣ್ಣೆ ಎತ್ತಿದವನು ಇಳಿಸಲಿಲ್ಲ.

“ಉಸ್ತಾದರೇ,” ಎಂದ ಮೆಲ್ಲಗೆ. “ಅವತ್ತಿನ ಹಾಗೆ ಒಂದ್ಸಲ ಕೈ ಎತ್ತಿ.”

“ಯಾಕಪ್ಪಾ?”

“ನೀವು ಎತ್ತಿದ್ರೆ ನಂಗೆ ಹೊಡೆಯೋಕೆ ಸುಲಭ. ನಿಮ್ಮ ಜನ ಯಾರೂ ಎತ್ತಲ್ಲ. ಐವತ್ತು ದಿನದಿಂದ ಸುಮ್ನೆ ನಿಂತವರನ್ನ ಹೊಡೀತಾ ಇದ್ದೀನಿ. ಊಟ ಮಾಡಿದ್ರೆ ಇಳಿಯಲ್ಲ. ಒಂದ್ಸಲ ಎತ್ತಿ. ದಮ್ಮಯ್ಯ.”

ಸಿಪಾಯಿ ಅವನನ್ನು ಹೊಸಬನಾಗಿ ಬಂದ ದಿನದಿಂದ ಬಲ್ಲ. ವರಸೆಯಲ್ಲಿ ಚುರುಕು, ಮನಸ್ಸು ಮೆತ್ತಗೆ. ಅವನ ಹಿಂದೆ ದೊಣ್ಣೆಯವರನ್ನು ನಡೆಸುವ ದೊರೆಯ ಸಾಹೇಬ ಕುದುರೆಯ ಮೇಲೆ ಕೂತು ನೋಡುತ್ತಿದ್ದ.

“ನಿನ್ನ ಕಷ್ಟ ನಂಗೆ ಗೊತ್ತು ಮಗಾ,” ಎಂದ ಸಿಪಾಯಿ. “ಬೇರೆ ಏನು ಕೇಳಿದ್ರೂ ಕೊಡ್ತಿದ್ದೆ. ಈ ಕೈ ನಂದಲ್ಲ.”

ಸಾಹೇಬ ಹಿಂದಿನಿಂದ ಕೂಗಿದ. ತರುಣ ಕಣ್ಣು ಮುಚ್ಚಿಕೊಂಡು ಬೀಸಿದ. ಕಣ್ಣು ಮುಚ್ಚಿದವನ ದೊಣ್ಣೆಗೆ ವರಸೆ ಎಲ್ಲಿರುತ್ತದೆ, ಅದು ಸಿಪಾಯಿಯ ಬಲಭುಜಕ್ಕೆ ಬಿತ್ತು, ಮತ್ತೆ ಅಲ್ಲಿಗೇ ಬಿತ್ತು, ಮೂರನೆಯ ಸಲವೂ ಅಲ್ಲಿಗೇ. ಮೂಳೆ ಮುರಿದ ಸದ್ದು ಸೇತುವೆಯ ಈ ತುದಿಗೆ ಕೇಳಿತು. ಕೈ ಏಳಲಿಲ್ಲ. ಎಡಕ್ಕಿದ್ದ ಮುದುಕನ ಮೇಲೆ, ಬಲಕ್ಕಿದ್ದ ಹೆಂಗಸಿನ ಮೇಲೆ ದೊಣ್ಣೆಗಳು ಇಳಿದವು. ಸಿಪಾಯಿ ನೋಡಿದ. ಅವರ ಏಟು ಅವರದು. ಅವನ ಗಡ್ಡದ ಮೇಲೆ ನೀರು ಹರಿಯುತ್ತಿತ್ತು, ತುಟಿ ಮಾತ್ರ ಮಾತು ತಪ್ಪಲಿಲ್ಲ.

ಮಧ್ಯಾಹ್ನ ದೊಣ್ಣೆಗಳು ಸೋತಾಗ ಅವನು ತೆವಳಿ ತೋಪಿಗೆ ಹೋಗಿ ಎಡಗೈಯಲ್ಲಿ ಒಂದು ಕೊಂಬೆ ಹಿಡಿದು ಬಂದ. ಒಲೆಯವ್ವ ಅದನ್ನು ಕಟ್ಟಿನೊಳಗೆ ಸೇರಿಸಲಿಲ್ಲ, ಒಂದನ್ನೇ ಒಲೆಗಿಟ್ಟಳು. ಊದುವುದಕ್ಕೂ ಬಿಡದೆ ಅದು ಹೊತ್ತಿಕೊಂಡಿತು. ಆ ಉರಿಯನ್ನು ನಾವೆಲ್ಲ ನೋಡಿದೆವು. ಅಂಥ ಊರಿನಲ್ಲಿ ಹುಟ್ಟಿದ್ದಕ್ಕೆ ಅವತ್ತು ನಮಗಾದ ಹೆಮ್ಮೆಯನ್ನು ಸಣ್ಣದು ಮಾಡಿ ಹೇಳಲು ನನಗೆ ಬರುವುದಿಲ್ಲ.

ಊಟದ ಸಾಲಿನಲ್ಲಿ ಸಿಪಾಯಿ ಪೇಚಿಗೆ ಸಿಕ್ಕಿದ. ರೊಟ್ಟಿ ಬಂತು, ಬೊಗಸೆಗೆ ಒಂದೇ ಕೈ. ಪಕ್ಕದಲ್ಲಿ ಕೂತಿದ್ದ ನೇಯ್ಗೆಯವನು ಏನೂ ಹೇಳದೆ ತನ್ನ ಬಲಗೈಯನ್ನು ಅವನ ಎಡಗೈಗೆ ಜೋಡಿಸಿ ಚಾಚಿದ. ರೊಟ್ಟಿ ಬಿತ್ತು. ಇಬ್ಬರೂ ಮುರಿದು ತಿಂದರು.

ಮೂಳೆ ಕಟ್ಟುವವನು ಬಂದು ನೋಡಿ, ಮೂಳೆ ಕೂಡುತ್ತದೆ, ಆದರೆ ಆ ಕೈ ಇನ್ನು ಎದೆಯಿಂದ ಮೇಲೆ ಏಳುವುದಿಲ್ಲ ಎಂದ.

ಇತ್ತ ಸೇತುವೆಯಲ್ಲಿ ಮಾರನೆಯ ಬೆಳಿಗ್ಗೆ ಆ ತರುಣ ಕಾಣಲಿಲ್ಲ. ದೊಣ್ಣೆಯನ್ನು ಸೇತುವೆಯ ಕಟ್ಟೆಗೆ ಒರಗಿಸಿಟ್ಟು ತನ್ನೂರಿಗೆ ನಡೆದಿದ್ದ. ಆಮೇಲಿನ ದಿನ ಏಳು ದೊಣ್ಣೆಗಳು ಹಾಗೆ ಒರಗಿದ್ದವು. ಸಾಹೇಬ ಹೊಸಬರನ್ನು ತಂದ, ಅವರೂ ಹತ್ತು ದಿನ ತಾಳಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಒಲೆಯವ್ವ ಸಾಲಿನಲ್ಲಿ ಹೆಸರು ಬರೆದುಕೊಳ್ಳುತ್ತಾ ಊರ ಬಾಗಿಲು ದಾಟಿ ಕೊನೆಯವರೆಗೆ ಬಂದಳು. ಕೊನೆಯಲ್ಲಿ ಸಿಪಾಯಿ ನಿಂತಿದ್ದ, ಬಲಗೈ ಕೊರಳಿಗೆ ಜೋಲಿ ಕಟ್ಟಿಕೊಂಡು.

“ನಿಂದು ಆಯ್ತಲ್ಲಪ್ಪಾ,” ಎಂದಳು. “ನಿನ್ನ ಕೊಂಬೆ ಉರೀತು, ಊರೇ ನೋಡ್ತು. ಮನೇಗೆ ಹೋಗಿ ಮಲ್ಕೋ. ಆ ಕೈ ಇನ್ನು ಏಳಲ್ಲವಂತೆ.”

“ಅದಕ್ಕೇ ಬಂದೆ, ಅವ್ವಾ. ಏಳಲಾರದ ಕೈಯನ್ನ ಕೆಳಗಿಟ್ಕೊಂಡ್ರೆ ಅದರಲ್ಲಿ ನಂದೇನು ಬಂತು? ಎಡಗೈ ಬರ್ಕೊಳ್ಳಿ. ಇದು ಇನ್ನೂ ಚೆನ್ನಾಗಿ ಏಳುತ್ತೆ.”

ಒಲೆಯವ್ವ ಅವನ ಎಡಗೈ ಹಿಡಿದು ನೋಡಿದಳು. ಅವಳ ಕಣ್ಣಲ್ಲಿ ನೀರು ಕಂಡವರಿದ್ದಾರೆ, ಒಲೆಯ ಹೊಗೆ ಎಂದು ಅವಳು ಹೇಳಿದಳಂತೆ, ಅಲ್ಲಿ ಒಲೆ ಇರಲಿಲ್ಲ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅವನ ಹೆಸರಿನ ಮುಂದೆ ಎಡಗೈ ಎಂದು ಬರೆದಳು.

ಅವನ ಮುಂದೆ ಇನ್ನೂ ಎರಡು ಸಾವಿರ ಜನ ಇದ್ದಾಗ ಸೇತುವೆ ಪೂರ್ತಿ ಖಾಲಿಯಾಯಿತು. ದೊರೆ ಕಾಗದ ಹಿಂದಕ್ಕೆ ತೆಗೆದುಕೊಂಡ, ತೋಪು ಒಲೆಗೆ ಬಂತು, ಊರು ಕುಣಿಯಿತು. ಸಿಪಾಯಿಯೂ ಕುಣಿದ, ಆದರೆ ನಡುವೆ ನಡುವೆ ನಿಂತು ಎಡಗೈಯನ್ನು ನೋಡಿಕೊಳ್ಳುತ್ತಿದ್ದ. ಅದಕ್ಕೆ ಸರದಿ ಸಿಗಲಿಲ್ಲವಲ್ಲ ಎಂಬ ಬೇಸರ ಅವನಿಗೆ ಇವತ್ತಿಗೂ ಇದೆ.